ಹಲ್ಲಿನೊಳಗಿನ ಕಲ್ಲು: ಅಪಟೈಟ್

ಮಕ್ಕಳೇ, ನಿಮ್ಮಲ್ಲಿ ಬಹಳ ಮಂದಿ ವೆನಿಸ್ ಬೀಚಿನಲ್ಲಿ ಜರಡಿ ಹಿಡಿದು ಶಾರ್ಕ್ ಹಲ್ಲು ಹುಡುಕಿದ್ದೀರಿ. ಕಪ್ಪಗೆ, ಚೂಪಾಗಿ, ಹೊಳೆಯುವ ಆ ಹಲ್ಲುಗಳು ಲಕ್ಷಾಂತರ ವರ್ಷ ಹಳೆಯವು. ಶಾರ್ಕಿನ ಮೈಯಲ್ಲಿ ಮಿಕ್ಕಿದ್ದೆಲ್ಲ ಕರಗಿಹೋದರೂ ಹಲ್ಲು ಮಾತ್ರ ಯಾಕೆ ಉಳಿಯಿತು? ಯಾಕೆಂದರೆ ಅದು ಆಗಲೇ ಅರ್ಧ ಕಲ್ಲಾಗಿತ್ತು! ಆ ಕಲ್ಲಿನ ಹೆಸರು ಅಪಟೈಟ್.

ಭೂಮಿಯಲ್ಲಿ ಆರು ಸಾವಿರದಷ್ಟು ಬಗೆಯ ಖನಿಜಗಳಿವೆ. ಅವುಗಳನ್ನು ವಿಂಗಡಿಸುವುದು ಬಣ್ಣ ನೋಡಿ ಅಲ್ಲ, ಒಳಗೆ ಯಾವ ಅಣುಗುಂಪು ಇದೆ ಅಂತ ನೋಡಿ. ಒಂದು ರಂಜಕ (ಅಂದರೆ ಫಾಸ್ಫರಸ್) ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಕೂತಿದ್ದರೆ ಅದು ಫಾಸ್ಫೇಟ್. ಉಂಗುರಕ್ಕೆ ಹಾಕುವ ನೀಲಿ ಟರ್ಕ್ವಾಯ್ಸ್ ಕೂಡ ಫಾಸ್ಫೇಟೇ. ಆದರೆ ಈ ವರ್ಗದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಅಪಟೈಟ್.

ಇದಕ್ಕೆ 1786ರಲ್ಲಿ ಹೆಸರಿಟ್ಟವರು ಜರ್ಮನಿಯ ವೆರ್ನರ್. ಗ್ರೀಕ್ ಭಾಷೆಯಲ್ಲಿ 'ಮೋಸ ಮಾಡು' ಅನ್ನುವ ಅರ್ಥದ ಪದದಿಂದ ಬಂದ ಹೆಸರು. ಹಸಿರು, ನೀಲಿ, ಹಳದಿ, ನೇರಳೆ, ಹೀಗೆ ಯಾವ ಬಣ್ಣದಲ್ಲಾದರೂ ಬರುತ್ತದೆ. ಆರು ಮುಖದ ಕಂಬದ ಹಾಗೆ ಬೆಳೆಯುತ್ತದೆ. ಜನ ಇದನ್ನೇ ಬೆಲೆಬಾಳುವ ಬೆರಿಲ್ ಅಂದುಕೊಂಡು ಏಮಾರುತ್ತಿದ್ದರು. ಗೀರಿ ನೋಡಿದರೆ ಬಣ್ಣ ಬಯಲು. ಮೋಸ್ ಎಂಬ ವಿಜ್ಞಾನಿಯ ಗಡಸುತನದ ಪಟ್ಟಿಯಲ್ಲಿ ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ಗೆ 1, ವಜ್ರಕ್ಕೆ 10, ಬೆರಿಲ್‌ಗೆ ಏಳೂವರೆಯಿಂದ 8. ಅಪಟೈಟಿಗೆ ಬರೀ 5. ಒಳ್ಳೆ ಚಾಕುವಿನಿಂದ ಒತ್ತಿ ಗೀರಿದರೆ ಗೆರೆ ಬೀಳುತ್ತದೆ. ಮರಳಿನ ಕ್ವಾರ್ಟ್ಜ್ 7. ಊರಲ್ಲಿ ಹಿಂದೆ ಇಟ್ಟಿಗೆ ಪುಡಿಯಲ್ಲೋ ಮರಳಲ್ಲೋ ಹಲ್ಲುಜ್ಜುತ್ತಿದ್ದವರ ಹಲ್ಲು ಸವೆದುಹೋಗುತ್ತಿದ್ದುದು ಇದೇ ಕಾರಣಕ್ಕೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅಪಟೈಟ್ ಒಂದೇ ಖನಿಜವಲ್ಲ, ಒಂದು ಕುಟುಂಬ. ಮನೆಯ ಗೋಡೆಗಳೆಲ್ಲ ಒಂದೇ ಥರ: ಐದು ಕ್ಯಾಲ್ಸಿಯಂ, ಮೂರು ಫಾಸ್ಫೇಟ್. ಒಳಗೆ ಒಂದೇ ಒಂದು ಕುರ್ಚಿ. ಅದರ ಮೇಲೆ ಫ್ಲೋರಿನ್ ಕೂತರೆ ಫ್ಲೋರ್‌ಅಪಟೈಟ್, ಕ್ಲೋರಿನ್ ಕೂತರೆ ಕ್ಲೋರ್‌ಅಪಟೈಟ್, ಆಮ್ಲಜನಕ-ಜಲಜನಕದ ಜೋಡಿ ಕೂತರೆ ಹೈಡ್ರಾಕ್ಸಿಅಪಟೈಟ್. (ನಮ್ಮಂಥ ಕೋಡ್ ಬರೆಯೋರಿಗೆ ಅದೊಂದು ವೇರಿಯಬಲ್, ಅಷ್ಟೇ.) ಕೂತವರು ಎದ್ದು ಬೇರೆಯವರು ಕೂರುವುದೂ ಉಂಟು.

ನಿಮ್ಮ ಹಲ್ಲಿನ ಮೇಲ್ಪದರ ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಅದು ಹೈಡ್ರಾಕ್ಸಿಅಪಟೈಟ್. ಚಾಕೊಲೇಟ್ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಪಿಎಚ್ ಸುಮಾರು ಐದೂವರೆಗಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಎಂಜಲು ಅದನ್ನು ಮತ್ತೆ ಕಟ್ಟುತ್ತದೆ. ಆ ಹೊತ್ತಿಗೆ ಪೇಸ್ಟಿನ ಫ್ಲೋರೈಡ್ ಹತ್ತಿರದಲ್ಲಿದ್ದರೆ ಅದು ಬಂದು ಕುರ್ಚಿ ಹಿಡಿಯುತ್ತದೆ. ಫ್ಲೋರಿನ್ ಕೂತ ಹಲ್ಲು ಪಿಎಚ್ ಸುಮಾರು ನಾಲ್ಕೂವರೆಗೆ ಇಳಿಯುವ ತನಕ ತಡೆದುಕೊಳ್ಳುತ್ತದೆ. ಶಾರ್ಕ್‌ಗೆ ಪೇಸ್ಟೇ ಬೇಡ, ಅದರ ಹಲ್ಲಿನ ಹೊರಪದರ ಹುಟ್ಟುವಾಗಲೇ ಫ್ಲೋರ್‌ಅಪಟೈಟ್!

(ಫ್ಲೋರಿಡಾಗೂ ಫ್ಲೋರಿನ್‌ಗೂ ಹೆಸರಿನಲ್ಲಿ ನಂಟಿಲ್ಲ. ಒಂದು ಹೂವಿನಿಂದ ಬಂದದ್ದು, ಇನ್ನೊಂದು 'ಹರಿ' ಅನ್ನುವ ಲ್ಯಾಟಿನ್ ಪದದಿಂದ.)

ಟ್ಯಾಂಪಾದಿಂದ ಪೂರ್ವಕ್ಕೆ ಮಲ್ಬೆರಿ ಊರಿನ ಕಡೆ ಹೋದರೆ 'ಬೋನ್ ವ್ಯಾಲಿ', ಅಂದರೆ ಮೂಳೆ ಕಣಿವೆ. ಹಿಂದೆ ಸಮುದ್ರವಾಗಿದ್ದ ಈ ನೆಲದಲ್ಲಿ ಅಪಟೈಟ್ ಪದರವಾಗಿ ಕೂತಿದೆ. 19ನೇ ಶತಮಾನದ ಕೊನೆಯಿಂದ ಅಗೆಯುತ್ತಿದ್ದಾರೆ. ಈ ಕಲ್ಲು ನೀರಿನಲ್ಲಿ ಕರಗದು, ಹಾಗಾಗಿ ಗಿಡಕ್ಕೆ ಹಾಗೇ ಹಾಕಿದರೆ ಅಷ್ಟಾಗಿ ಪ್ರಯೋಜನವಿಲ್ಲ. ಗಂಧಕಾಮ್ಲ ಹಾಕಿ ಒಡೆದರೆ ಗೊಬ್ಬರಕ್ಕೆ ಬೇಕಾದ ರಂಜಕ ಬಿಡುಗಡೆಯಾಗುತ್ತದೆ. ಊರಿನಲ್ಲಿ ತಾತ ಹೊಲಕ್ಕೆ ತರುವ ಡಿಎಪಿ ಮೂಟೆ ಶುರುವಾಗುವುದು ಇಂಥ ಕಲ್ಲಿನಿಂದಲೇ.

ಇನ್ನು ಅಪ್ಪ-ಅಮ್ಮಂದಿರಿಗೆ ಎರಡು ಮಾತು. 2025ರ ಜುಲೈ 1ರಿಂದ ಫ್ಲೋರಿಡಾದಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸುವಂತಿಲ್ಲ. ಸರಿಯೋ ತಪ್ಪೋ ಎಂಬ ವಾದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಾಕಷ್ಟಾಗಿದೆ, ಇಲ್ಲಿ ಬೇಡ. ಆದರೆ ಈಗ ಆ ಕುರ್ಚಿಗೆ ಫ್ಲೋರೈಡ್ ತಲುಪಿಸುವ ಕೆಲಸ ಹೆಚ್ಚಾಗಿ ಪೇಸ್ಟಿನ ಮೇಲೆಯೇ ಬಿದ್ದಿದೆ. ಹಾಗಾಗಿ ಮಕ್ಕಳ ಪೇಸ್ಟ್ ಕೊಳ್ಳುವಾಗ ಅದರಲ್ಲಿ ಫ್ಲೋರೈಡ್ ಇದೆಯೇ ನೋಡಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು, ಉಗುಳಿಸಿ, ನುಂಗಿಸಬೇಡಿ.

ಯಾಕೆಂದರೆ ಜಾಸ್ತಿಯಾದರೆ ಏನಾಗುತ್ತದೆಂದು ನಮ್ಮ ಕೋಲಾರ, ಪಾವಗಡ ಕಡೆಯವರಿಗೆ ಗೊತ್ತು. ಅಲ್ಲಿನ ಬಂಡೆಗಳೊಳಗಿನ ಅಪಟೈಟ್, ಫ್ಲೋರೈಟ್, ಅಭ್ರಕದಂಥ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮಿತಿ. ಅದನ್ನು ಮೀರಿದ ಬೋರ್‌ವೆಲ್‌ಗಳು ಅಲ್ಲಿ ಬೇಕಾದಷ್ಟಿವೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲು ಬಿಗಿತ. ರಜೆಗೆ ಆ ಕಡೆ ಹೋದಾಗ ನೆನಪಿರಲಿ: ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಒಂದಿಷ್ಟು ನೀರು ಆವಿಯಾದ ಮೇಲೆ ಉಳಿದದ್ದರಲ್ಲಿ ಅದರ ಸಾಂದ್ರತೆ ಇನ್ನೂ ಹೆಚ್ಚೇ. ಆರ್‌ಒ ಯಂತ್ರವಿರುವ ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸಿಕೊಳ್ಳಿ.