ದೊಡ್ಡಪ್ಪನ ಟ್ರಂಕು ಮತ್ತು ಅಳಿಸಿಹೋದ ಏಳು ನಿಮಿಷ

‘ಲೋ, ನಾಳೆ ಗುಜರಿಯವನು ಬತ್ತಾನೆ. ಅಟ್ಟದ ಮೇಲಿನ ಟ್ರಂಕು ಇಳಿಸೋಕೆ ಒಂದಾಳು ಬೇಕು. ಹೆಂಗೂ ಖಾಲಿ ಇದೀಯಲ್ಲ, ಬಂದು ಹೋಗು.’

ಕೊರಟಗೆರೆಯಿಂದ ದೊಡ್ಡಪ್ಪ ಫೋನ್ ಮಾಡಿದಾಗ ಬೇರೆಲ್ಲಕ್ಕಿಂತ ಆ ‘ಖಾಲಿ ಇದೀಯಲ್ಲ’ ಎಂಬ ಮಾತು ಚುಚ್ಚಿತು. ಡಿಗ್ರಿ ಮುಗಿದು ಎರಡು ವರ್ಷವಾಯಿತು. ಬೆಳಿಗ್ಗೆ ಮಧುಗಿರಿಯ ಲೈಬ್ರರಿಯಲ್ಲಿ ಕುಳಿತು ಎಫ್‌ಡಿಎ, ಪಿಡಿಒ ಎಂದು ಓದುವುದು, ಸಂಜೆ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಗೆಳೆಯರ ಜೊತೆ ಟೀ ಕುಡಿಯುವುದು. ಇಂಥವನನ್ನು ಖಾಲಿ ಎನ್ನದೆ ಮತ್ತೇನು ಎನ್ನುತ್ತಾರೆ? ಸುಮ್ಮನೆ ಬಸ್ಸು ಹತ್ತಿದೆ.

ದೊಡ್ಡಪ್ಪನದು ಮೈಕ್‌ಸೆಟ್ ಅಂಗಡಿ. ಮದುವೆ, ಜಾತ್ರೆ, ಗಣೇಶ, ಸ್ಕೂಲ್ ಡೇ, ಎಲೆಕ್ಷನ್ ಪ್ರಚಾರ ಎಲ್ಲಕ್ಕೂ ಅವರ ಹಾರನ್ನುಗಳೇ ಕೂಗುತ್ತಿದ್ದವು. ಡಿಜೆ ಬಾಕ್ಸುಗಳ ಕಾಲ ಬಂದ ಮೇಲೆ ಅಂಗಡಿ ಮುಚ್ಚಿದರು. ಟ್ರಂಕು ಇಳಿಸಿ ತೆಗೆದರೆ ಒಳಗೆ ಬರೀ ಕ್ಯಾಸೆಟ್ಟು, ಮುನ್ನೂರರ ಮೇಲಿದ್ದವು. ಎಲ್ಲದರ ಮೇಲೂ ದೊಡ್ಡಪ್ಪನ ದುಂಡನೆಯ ಅಕ್ಷರ. ‘ಮದುವೆ – ಊಟದ ಹೊತ್ತು’, ‘ಗಣೇಶ – ರಾತ್ರಿ 10ರ ಮೇಲೆ’, ‘ನಾಟಕ – ಪರದೆ ಏಳುವಾಗ’, ‘ಸ್ಕೂಲ್ ಡೇ – ಫಾಸ್ಟ್’. ಹಾಡಿನ ಹೆಸರಿಲ್ಲ, ಗಾಯಕರ ಹೆಸರಿಲ್ಲ. ಯಾವ ಹೊತ್ತಿಗೆ ಯಾವ ಸಂಗೀತ ಎಂಬುದಷ್ಟೇ ಅವರ ಲೆಕ್ಕ.

ಮರುದಿನ ಗುಜರಿಯವನು ಒಂದು ಕ್ಯಾಸೆಟ್ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ‘ಇದ್ರಾಗೆ ಪ್ಲಾಸ್ಟಿಕ್ ಬಿಟ್ರೆ ಏನೈತಣ್ಣ?’ ಅಂದ. ದೊಡ್ಡಪ್ಪ ತಲೆ ತಗ್ಗಿಸಿದರು. ಅವರನ್ನು ನಾನು ಹಾಗೆ ನೋಡಿದ್ದೇ ಇಲ್ಲ. ‘ಒಂದು ವಾರ ಬಿಟ್ಟು ಬಾರಪ್ಪ’ ಎಂದು ನಾನೇ ಅವನನ್ನು ಕಳಿಸಿದೆ.

ಫೋನಿನಲ್ಲಿ ಸಿಗದ ಹಾಡು

ಅಂದು ಸಂಜೆ ಹಳೆಯ ಟೂ ಇನ್ ಒನ್ ಒರೆಸಿ ಒಂದೊಂದೇ ಕ್ಯಾಸೆಟ್ ಹಾಕಿದೆವು. ಸಿನಿಮಾ ಹಾಡುಗಳೆಲ್ಲ ನನ್ನ ಫೋನಿನಲ್ಲಿ ನಿಮಿಷದೊಳಗೆ ಸಿಗುತ್ತಿದ್ದವು. ‘ನೋಡಿ ದೊಡ್ಡಪ್ಪ, ಎಲ್ಲಾ ಇಲ್ಲೇ ಇದೆ’ ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಆಗ ಬಂತು ‘ಡ್ಯಾನ್ಸ್ – 2 ಡೆಕ್ – ಶಿರಾ – 96’.

ಶುರುವಿನಲ್ಲೇ ಕೀಬೋರ್ಡಿನ ತಾಳ. ಅದರ ಮೇಲೆ ಪ್ರೇಮಲೋಕದ ಒಂದು ತುಂಡು, ಹಾಗೇ ರಣಧೀರಕ್ಕೆ ಜಾರಿ, ಅಲ್ಲಿಂದ ಅಂಜದ ಗಂಡುವಿಗೆ. ನಡುವೆ ತಾಳ ತಪ್ಪುವುದಿಲ್ಲ. ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಒಂದು ಢಣ್ ಎಂಬ ಮುಕ್ತಾಯ, ಮತ್ತೆ ಹೊಸ ಜೋಡಣೆ. ಇದು ಫೋನಿನಲ್ಲಿ ಸಿಗಲಿಲ್ಲ.

ಸಿಗುವುದಾದರೂ ಹೇಗೆ? ಶಿರಾದಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿಯೊಂದಿತ್ತಂತೆ. ಅಂಗಡಿಯವರು ಎರಡು ಡೆಕ್, ಒಂದು ಚಿಕ್ಕ ಮಿಕ್ಸರ್, ಒಂದು ಕೀಬೋರ್ಡ್ ಇಟ್ಟುಕೊಂಡು, ಡೆಕ್ಕಿನ ಮೋಟರಿನ ಹಿಂದಿರುವ ಪುಟ್ಟ ಸ್ಕ್ರೂ ತಿರುಗಿಸಿ ಹಾಡಿನ ವೇಗ ಹೊಂದಿಸಿ ಮಾಡಿದ್ದು ಅದು. ಶಾಲೆಗಳಲ್ಲಿ ಒಂದು ಡ್ಯಾನ್ಸಿಗೆ ನಾಲ್ಕೇ ನಿಮಿಷ ಕೊಡುತ್ತಿದ್ದರು, ಪಲ್ಲವಿ ಚರಣ ಪೂರ್ತಿ ಹಾಕಿದರೆ ಹೆಡ್‌ಮಾಸ್ಟರು ಬಂದು ಪ್ಲಗ್ ಕೀಳುತ್ತಿದ್ದರು ಎಂದು ದೊಡ್ಡಪ್ಪ ನಕ್ಕರು. ‘ಈ ತಾಲ್ಲೂಕಿನ ಎಷ್ಟು ಮಕ್ಕಳು ಇದಕ್ಕೆ ಕುಣಿದವ್ರೆ ಗೊತ್ತಾ? ನಿಮ್ಮಕ್ಕನೂ ಕುಣಿದವ್ಳೆ.’

ಆಗಿನ ಕಾಲಕ್ಕೆ ಇದೊಂದು ದೊಡ್ಡ ಅಲೆಯ ಚಿಕ್ಕ ತುಣುಕು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳನ್ನು ಮುಟ್ಟಿತು. 1987ರಲ್ಲಿ ಲಹರಿ ಸಂಸ್ಥೆ ತಂದ ಪ್ರೇಮಲೋಕದ ಧ್ವನಿಸುರುಳಿ, ಹಂಸಲೇಖ ಅವರ ಸಂಗೀತವನ್ನು ಟೀ ಅಂಗಡಿಗಳಿಗೂ ತಲುಪಿಸಿತು. ಹಳೆಯ ಹಾಡುಗಳಿಗೆ ಎಲೆಕ್ಟ್ರಾನಿಕ್ ತಾಳ ಸೇರಿಸಿದ ‘ಜಂಕಾರ್ ಬೀಟ್ಸ್’ ಕ್ಯಾಸೆಟ್ಟುಗಳು ದೇಶದ ತುಂಬ ಓಡಿದವು. ಕಂಪನಿಗಳು ಮಾಡಿದ್ದನ್ನೇ ನಮ್ಮ ಶಿರಾದ ಅಂಗಡಿಯವರು ನಾಲ್ಕು ನಿಮಿಷದ ಅಳತೆಗೆ ಹೊಲಿದುಕೊಟ್ಟಿದ್ದರು, ದರ್ಜಿಯ ಹಾಗೆ.

ನಾನು ಮಾಡಿದ ಅನಾಹುತ

ಇದನ್ನು ಲ್ಯಾಪ್‌ಟಾಪಿಗೆ ಇಳಿಸಿಯೇ ಬಿಡುತ್ತೇನೆ ಎಂದು ಮರುದಿನ ವೈರು ತಂದೆ. ಟೂ ಇನ್ ಒನ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ರೆಕಾರ್ಡ್ ಮಾಡಬೇಕು ತಾನೆ? ಹಾಗಾಗಿ ಟೂ ಇನ್ ಒನ್‌ನ ಕೆಂಪು ಚುಕ್ಕಿಯ ರೆಕಾರ್ಡ್ ಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಒಟ್ಟಿಗೆ ಒತ್ತಿದೆ!

ಕ್ಯಾಸೆಟ್ ಬಳಸಿದವರಿಗೆ ಈಗಲೇ ಎದೆ ಧಸಕ್ ಎಂದಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ಗುಂಡಿ ಒತ್ತಿದರೆ ಟೇಪಿನಲ್ಲಿದ್ದದ್ದು ಅಳಿಸಿ, ಯಂತ್ರದ ಮೈಕಿಗೆ ಕೇಳಿದ್ದು ಅಲ್ಲಿ ಕೂರುತ್ತದೆ. ಸದ್ದೇ ಬರುತ್ತಿಲ್ಲವಲ್ಲ ಎಂದು ನಾನು ವೈರು ಅಲ್ಲಾಡಿಸುತ್ತಾ ಕುಳಿತಿದ್ದು ಏಳು ನಿಮಿಷ. ವಾಪಸ್ ತಿರುಗಿಸಿ ಹಾಕಿದರೆ ಫ್ಯಾನಿನ ಗಿರಗಿರ, ನನ್ನ ಗೊಣಗಾಟ, ನಡುವೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ: ‘ಕಾಫಿ ಆರೋಗ್ತೈತೆ, ಬರ್ರೋ!’

ದೊಡ್ಡಪ್ಪ ಬೈಯಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಸಿನಿಮಾ ಹಾಡು ಅಳಿಸಿದ್ದರೆ ಚಿಂತೆಯಿರಲಿಲ್ಲ. ಅದರ ಮೂಲ ಕಂಪನಿಯ ಹತ್ತಿರ ಇರುತ್ತದೆ. ಈ ಜೋಡಣೆಗೆ ಕಂಪನಿಯೇ ಇಲ್ಲ. ಅನುಮತಿ ಪಡೆದು ಮಾಡಿದ್ದಲ್ಲವಾದ್ದರಿಂದ ಮುಂದೆ ಯಾರೂ ಇದನ್ನು ಮರುಮುದ್ರಣ ಮಾಡುವುದೂ ಇಲ್ಲ. ಇದ್ದರೆ ಇನ್ಯಾರದೋ ಟ್ರಂಕಿನಲ್ಲೇ ಇರಬೇಕು.

ಶಿರಾದಿಂದ ಪಾವಗಡಕ್ಕೆ

ಮೊದಲು ಶಿರಾಕ್ಕೆ ಹೋದೆ. ಆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ತೂಗುಹಾಕಿದ್ದಾರೆ. ಅಂಗಡಿ ನಡೆಸುತ್ತಿದ್ದವರು ತೀರಿಕೊಂಡಿದ್ದರು. ಮಗ ಸಿಕ್ಕರು. ‘ಅಪ್ಪ ಯಾವುದನ್ನೂ ಇಟ್ಕೊಳ್ತಿರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಲ್ಲ, ಒಂದು ಸೀಸನ್ ಮುಗಿದ ಮೇಲೆ ಅದರ ಮೇಲೇ ಮುಂದಿನದು ತುಂಬೋರು’ ಅಂದರು. ಮಾಡಿದವರೇ ಅಳಿಸಿದ್ದರು ಎಂದ ಮೇಲೆ ನನ್ನ ತಪ್ಪು ಚೂರು ಹಗುರವಾಯಿತು. ಹುಡುಕಾಟ ಮಾತ್ರ ಭಾರವಾಯಿತು.

ಮಧುಗಿರಿಯಲ್ಲಿ ಇಬ್ಬರು ಹಳೆಯ ಮೈಕ್‌ಸೆಟ್‌ನವರನ್ನು ಹುಡುಕಿದೆ. ಒಬ್ಬರ ಮನೆಯಲ್ಲಿ ಕ್ಯಾಸೆಟ್ಟುಗಳೆಲ್ಲ ಗೆದ್ದಲು ಪಾಲು. ಇನ್ನೊಬ್ಬರ ಬಳಿ ಗ್ರಾಮಫೋನ್ ತಟ್ಟೆಗಳಿದ್ದವು. ಅವುಗಳ ಮಧ್ಯೆ ಆಪರೇಷನ್ ಡೈಮಂಡ್ ರಾಕೆಟ್ ತೋರಿಸಿ, ‘ನಿಮ್ಮ ವಯಸ್ಸಿನವ್ರು ಬಂದ್ರೆ ಇದನ್ನೇ ಕೇಳೋದು’ ಎಂದು ನಕ್ಕರು. 1978ರ ಆ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತ ಕೊಟ್ಟಿದ್ದು, ಅದರಲ್ಲಿ ಡಾ. ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ನಮ್ಮ ಕಾಲೇಜಿನವರಿಗೂ ಬಾಯಿಪಾಠ. ಹಾಡೇನೋ ಉಳಿಯಿತು. ‘ಆ ಕಾಲದ ಸಿನಿಮಾಗಳ ಫೈಟಿಗೆ, ಚೇಸಿಗೆ ಬಾರಿಸಿದ್ದು ಎಲ್ಲಿ ಸಿಗ್ತದೆ? ತಟ್ಟೆ ಮಾಡ್ತಿದ್ದಿದ್ದು ಹಾಡು ಮಾತ್ರ’ ಅಂದರು ಆ ಹಿರಿಯರು. ನನಗೆ ಅದುವರೆಗೂ ಹೊಳೆದಿರಲಿಲ್ಲ. ಹಿನ್ನೆಲೆ ಸಂಗೀತ ಎಂಬುದು ಹೆಚ್ಚಾಗಿ ಸಿನಿಮಾ ಪ್ರಿಂಟಿನಲ್ಲಷ್ಟೇ ಉಳಿಯುತ್ತಿತ್ತು, ಪ್ರಿಂಟು ಹಾಳಾದರೆ ಅದೂ ಹೋಯಿತು.

ತಟ್ಟೆ ಬಂದಿದ್ದರೂ ಮರೆತುಹೋಗುವುದುಂಟು. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಎಚ್‌ಎಂವಿಯಲ್ಲಿ ಒಂದು ಎಲ್‌ಪಿ ತಂದರು. ಬಳಸಿದ್ದು ರೋಲ್ಯಾಂಡ್ ಕಂಪನಿಯ ಆಗಿನ ಹೊಸ ಯಂತ್ರಗಳು. ಯಾರೂ ಗಮನಿಸಲಿಲ್ಲ. ಇಪ್ಪತ್ತು ವರ್ಷದ ಮೇಲೆ ದೆಹಲಿಯ ಅಂಗಡಿಯೊಂದರಲ್ಲಿ ಅದು ಡಚ್ ಸಂಗ್ರಾಹಕರೊಬ್ಬರ ಕೈಗೆ ಸಿಕ್ಕಿತು. 2010ರಲ್ಲಿ ಮರುಮುದ್ರಣವಾಯಿತು. ಅಮೆರಿಕದ ಷಿಕಾಗೊದಲ್ಲಿ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತ ಹುಟ್ಟುವ ಮೊದಲೇ ಅಂಥದ್ದೇ ನಾದ ಭಾರತದಲ್ಲಿ ಕೇಳಿತ್ತೇ ಎಂದು ಜಗತ್ತು ಬೆರಗಾಯಿತು. ಚರಣ್‌ಜಿತ್ ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. ಒಂದು ಅಂಗಡಿಯ ಮೂಲೆಯಲ್ಲಿ ಒಂದು ತಟ್ಟೆ ಉಳಿದಿದ್ದಕ್ಕೆ ಇಷ್ಟೆಲ್ಲ ಆಯಿತು.

ಕೊನೆಗೆ ಪಾವಗಡ. ‘ರೆಕಾರ್ಡ್ ಡ್ಯಾನ್ಸ್ ತಂಡದವರ ಹತ್ರ ಇರಬಹುದು ನೋಡು’ ಎಂದು ದೊಡ್ಡಪ್ಪನೇ ದಾರಿ ತೋರಿಸಿದ್ದರು. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು ಅದು. ಜಾತ್ರೆಯಲ್ಲಿ ಕನ್ನಡ ಹಾಡಿಗೂ ತೆಲುಗು ಹಾಡಿಗೂ ಒಂದೇ ಮಟ್ಟದ ಶಿಳ್ಳೆ. ತಂಡವೊಂದಕ್ಕೆ ಸೌಂಡ್ ನೋಡಿಕೊಳ್ಳುತ್ತಿದ್ದ ಹಿರಿಯರು ‘ಕೂರ್ಚೋ ನಾಯನಾ’ ಎಂದು ಜಗಲಿಯಲ್ಲಿ ಕೂರಿಸಿ, ಚೀಲದಿಂದ ನಲವತ್ತು ಕ್ಯಾಸೆಟ್ ಸುರಿದರು. ಎರಡು ಗಂಟೆ ಕೇಳಿದೆವು. ಒಂದರ ಎ ಸೈಡಿನಲ್ಲಿ ತೆಲುಗು ಹಾಡುಗಳು. ತಿರುಗಿಸಿ ಹಾಕಿದರೆ ಅದೇ ಕೀಬೋರ್ಡ್ ತಾಳ! ನಾನು ಕೂಗಿದ್ದಕ್ಕೆ ಬೀದಿಯ ನಾಯಿ ಎದ್ದು ಬೊಗಳಿತು.

ಕಾಪಿಯ ಕಾಪಿ ಅದು. ಸುಯ್ ಎಂಬ ಸದ್ದು ಜಾಸ್ತಿ. ನಡುವೆ ಇಪ್ಪತ್ತು ಸೆಕೆಂಡು ತೆಲುಗಿನಲ್ಲಿ ಯಾರೋ ಮುಂದಿನ ಐಟಂ ಅನೌನ್ಸ್ ಮಾಡುತ್ತಾರೆ. ಆದರೂ ನಾನು ಅಳಿಸಿದ ಏಳು ನಿಮಿಷ ಅಲ್ಲಿ ಇತ್ತು. ಈ ಸಲ ರೆಕಾರ್ಡ್ ಗುಂಡಿಯ ಮೇಲೆ ಬೆಂಕಿಕಡ್ಡಿ ಪೆಟ್ಟಿಗೆಯ ರಟ್ಟು ಅಂಟಿಸಿಯೇ ಲ್ಯಾಪ್‌ಟಾಪಿಗೆ ಇಳಿಸಿದೆ.

ಕಿವಿಯೇ ಮೀಟರ್

ಕೊರಟಗೆರೆಗೆ ಬಂದು ಕೇಳಿಸಿದರೆ ದೊಡ್ಡಪ್ಪ ಹತ್ತೇ ಸೆಕೆಂಡಿನಲ್ಲಿ ‘ಸ್ಪೀಡು ಜಾಸ್ತಿ ಐತೆ’ ಅಂದರು. ಕಾಪಿ ಮಾಡಿಕೊಂಡ ಡೆಕ್ಕಿನ ಮೋಟರ್ ನಿಧಾನ ಓಡಿರಬೇಕು. ಅಂಥ ಟೇಪನ್ನು ಸರಿಯಾದ ಯಂತ್ರದಲ್ಲಿ ಹಾಕಿದರೆ ಹಾಡು ಓಡುತ್ತದೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಚಲಿಸಬೇಕು ಎಂದು ನಾನು ಓದಿ ತಿಳಿದಿದ್ದೆ. ಅವರಿಗೆ ಅಂಕಿ ಗೊತ್ತಿಲ್ಲ, ಕಿವಿಗೆ ಗೊತ್ತು. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅವರು ‘ಇನ್ನೂ ಇಳಿಸು, ಇನ್ನೂ... ಹಾಂ, ಸಾಕು’ ಎನ್ನುವವರೆಗೆ ವೇಗ ಇಳಿಸಿದೆ. ಪಾವಗಡದ ಏಳು ನಿಮಿಷಕ್ಕೆ ಕೊರಟಗೆರೆಯ ಉಳಿದ ಭಾಗ ಜೋಡಿಸಿದೆ. ಬೆಂಗಳೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲೇ ಕೇಳಿಸಿದಾಗ ಆಕೆ ಮೊದಲು ಸುಮ್ಮನಾದಳು, ಆಮೇಲೆ ‘ಇಲ್ಲಿ ಎಡಕ್ಕೆ ತಿರುಗಬೇಕಿತ್ತು ಕಣೋ’ ಅಂದಳು.

ನೀವೂ ಮಾಡುವುದಾದರೆ ನನ್ನ ತಪ್ಪಿನಿಂದ ಕಲಿತದ್ದು ಇಷ್ಟು. ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿಯಿರಿ, ಮತ್ತೆ ಯಾರೂ ಅಳಿಸಲಾಗದು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಹೆಡ್ಡು, ರಬ್ಬರ್ ರೋಲರ್ ಒರೆಸಿ. ತುಂಬ ವರ್ಷ ಸುಮ್ಮನಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಆಮೇಲೆ ನುಡಿಸಿ. ಎಂಪಿ3 ಬದಲು ವೇವ್ ಫೈಲಾಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಸಿ-60 ಕ್ಯಾಸೆಟ್ಟಿಗೆ ಸುಮಾರು 600 ಎಂಬಿ. ಎರಡು ಜಾಗದಲ್ಲಿ ಇಡಿ. ಯಾರ ಮನೆಯದು, ಯಾವ ಊರು, ಲೇಬಲ್ಲಿನಲ್ಲಿ ಏನು ಬರೆದಿತ್ತು ಎಂಬುದನ್ನೂ ಬರೆಯಿರಿ.

ಸಿಕ್ಕ ತಕ್ಷಣ ಎಲ್ಲರಿಗೂ ಹಂಚುವ ಆಸೆ ನನಗೂ ಆಯಿತು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅಂದರೆ ಪ್ರೇಮಲೋಕದ ಹಾಡುಗಳು 2047ರ ಕೊನೆಯವರೆಗೆ ಹಕ್ಕುದಾರರ ಸ್ವತ್ತು. ಸ್ವಂತಕ್ಕೆ ಒಂದು ಪ್ರತಿ ಇಟ್ಟುಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಕಾಯಬೇಕು. ಆದರೆ ಕಾಯುವಷ್ಟು ದಿನ ಟೇಪು ಇರುವುದಿಲ್ಲ, ಅದರ ಕತೆ ಹೇಳುವವರೂ ಇರುವುದಿಲ್ಲ. ಅದಕ್ಕೇ ಈಗಲೇ ಇಳಿಸಿ, ಬರೆದು ಇಡಬೇಕು.

ಇದು ಹಳಬರ ಟ್ರಂಕಿನ ಮಾತಷ್ಟೇ ಅಲ್ಲ ಗೆಳೆಯರೇ. ನಾವು ಹೈಸ್ಕೂಲಿನಲ್ಲಿದ್ದಾಗ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡ, ಗಣೇಶನ ಮೆರವಣಿಗೆಯ ಡಿಜೆ ರೀಮಿಕ್ಸ್‌ಗಳು ಈಗ ಎಲ್ಲಿವೆ? ಅವನ್ನು ಮಾಡಿದ ಪಕ್ಕದೂರಿನ ಹುಡುಗರ ಹೆಸರು ನೆನಪಿದೆಯೇ? ನನ್ನ ಕಾರ್ಡು ಹಳೆಯ ಫೋನಿನ ಜೊತೆಗೇ ಹೋಯಿತು. ದೊಡ್ಡಪ್ಪನ ಟೇಪು ಇಷ್ಟು ವರ್ಷ ತಡೆಯಿತು, ನನ್ನದು ಐದು ವರ್ಷವೂ ತಡೆಯಲಿಲ್ಲ.

ಪರೀಕ್ಷೆಯ ದಿನಾಂಕ ಇನ್ನೂ ಬಂದಿಲ್ಲ. ಬೆಳಿಗ್ಗೆ ಓದುತ್ತೇನೆ, ಮಧ್ಯಾಹ್ನದ ಮೇಲೆ ದಿನಕ್ಕೆರಡು ಕ್ಯಾಸೆಟ್ ಇಳಿಸುತ್ತೇನೆ. ಗುಜರಿಯವನು ಮತ್ತೆ ಬಂದಾಗ ದೊಡ್ಡಪ್ಪ ತೂತುಬಿದ್ದ ಎರಡು ಹಾರನ್ನು ಕೊಟ್ಟು, ‘ಟ್ರಂಕು ಖಾಲಿ ಇಲ್ಲಪ್ಪ’ ಎಂದು ಕಳಿಸಿದರು. ಫೋನ್ ಮಾಡಿದಾಗ ನನ್ನನ್ನೂ ಈಗ ಖಾಲಿ ಇದೀಯಾ ಎಂದು ಕೇಳುವುದಿಲ್ಲ, ‘ಇವತ್ತು ಯಾವುದು ಇಳಿಸಿದೆ?’ ಎಂದು ಕೇಳುತ್ತಾರೆ.

ಅಂದಹಾಗೆ, ನಾನು ತಪ್ಪಾಗಿ ತುಂಬಿಸಿದ ಆ ಫ್ಯಾನಿನ ಸದ್ದನ್ನೂ ಅಳಿಸಲು ದೊಡ್ಡಪ್ಪ ಬಿಡಲಿಲ್ಲ. ಅದರ ಫೈಲಿಗೆ ಅವರದೇ ಶೈಲಿಯಲ್ಲಿ ಹೆಸರಿಟ್ಟಿದ್ದೇನೆ: ‘ದೊಡ್ಡಮ್ಮ – ಕಾಫಿ ಹೊತ್ತು – 7 ನಿಮಿಷ’.