ವಿಚಾರಣಾಧಿಕಾರಕ್ಕೆ ರಾಜ್ಯಾಂಗದ ಎಲ್ಲೆ

ಆಶ್ರಯವಿತ್ತ ಸಂಸ್ಥೆಗಳೇ ಮಕ್ಕಳಿಗೆ ದ್ರೋಹವೆಸಗಿದಾಗ ಅದನ್ನು ಶೋಧಿಸುವ ಅಧಿಕಾರವು ಯಾರದು? ಒಂದೇ ಸರಕಾರವುಳ್ಳ ದೇಶದಲ್ಲಿ ಇದಕ್ಕೆ ಉತ್ತರವು ಸುಲಭ. ಅಧಿಕಾರವು ಹಂಚಿಹೋಗಿರುವ ಒಕ್ಕೂಟದಲ್ಲಿ ಹಾಗಲ್ಲ. ಆಸ್ಟ್ರೇಲಿಯದ ಅನುಭವವು ಇದಕ್ಕೆ ನಿದರ್ಶನವಾಗಿದೆ.

ಆ ದೇಶದ ರಾಜ್ಯಾಂಗವು ಕೇಂದ್ರ ಪಾರ್ಲಿಮೆಂಟಿಗೆ ಗೊತ್ತಾದ ವಿಷಯಗಳಲ್ಲಿ ಮಾತ್ರ ಶಾಸನಾಧಿಕಾರವನ್ನು ಕೊಟ್ಟಿದೆ. ಶಾಲೆ, ಪೋಲೀಸು, ಅನಾಥ ಮಕ್ಕಳ ಪೋಷಣೆ ಇವು ಬಹುಮಟ್ಟಿಗೆ ರಾಜ್ಯಗಳಿಗೆ ಸೇರಿದುವು. ಸಾಕ್ಷಿಗಳನ್ನು ಕರೆಸುವ, ಕಾಗದಪತ್ರಗಳನ್ನು ತರಿಸುವ ಬಲವನ್ನು 1902ರ ರಾಯಲ್ ಕಮಿಷನ್ನುಗಳ ಕಾಯಿದೆಯು ವಿಚಾರಕರಿಗೆ ಒದಗಿಸಿತು. ಸಕ್ಕರೆ ಉದ್ಯಮವನ್ನು ಕುರಿತ ವಿಚಾರಣೆಯೊಂದರಲ್ಲಿ ಕಲೋನಿಯಲ್ ಷುಗರ್ ರಿಫೈನಿಂಗ್ ಕಂಪೆನಿಯು ಈ ಬಲವನ್ನು ಪ್ರಶ್ನಿಸಲು, 1913ರಲ್ಲಿ ಪ್ರಿವಿ ಕೌನ್ಸಿಲು ಕಂಪೆನಿಯ ಪರವಾಗಿ ತೀರ್ಪಿತ್ತಿತು. ಕೇಂದ್ರವು ತನ್ನ ಶಾಸನಾಧಿಕಾರಕ್ಕೆ ಒಳಪಡದ ವಿಷಯದಲ್ಲಿ ಉತ್ತರ ಹೇಳೆಂದು ದಂಡನೆಯ ಭಯದಿಂದ ಯಾರನ್ನೂ ಬಲಾತ್ಕರಿಸಲಾರದೆಂಬುದೇ ಅದರ ತಾತ್ಪರ್ಯ.

ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ವಿಚಾರಿಸಲು ರಾಯಲ್ ಕಮಿಷನ್ನನ್ನು ನೇಮಿಸುವುದಾಗಿ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ 2012ರ ನವೆಂಬರಿನಲ್ಲಿ ಸಾರಿದಾಗ ಈ ಹಳೆಯ ಎಲ್ಲೆಯು ಮತ್ತೆ ಎದುರಾಯಿತು. ನೊಂದವರು ತಾವಾಗಿಯೇ ಬಂದು ಹೇಳಿಯಾರು. ಆದರೆ ಅವರ ಮಾತಿಗೆ ಆಧಾರವಾಗಬಲ್ಲ ಕಡತಗಳು ಆಪಾದನೆಗೆ ಗುರಿಯಾದ ಸಂಸ್ಥೆಗಳ ವಶದಲ್ಲಿಯೇ ಇದ್ದುವು. ಬಲವಿಲ್ಲದ ವಿಚಾರಣೆಯಿಂದ ಅವು ಹೊರಬರುತ್ತಿರಲಿಲ್ಲ. ಆದಕಾರಣ 2013ರ ಜನವರಿ 11ರಂದು ಗವರ್ನರ್ ಜನರಲ್ಲರು ಸನ್ನದನ್ನು ಹೊರಡಿಸಿದ್ದಲ್ಲದೆ, ಆರು ರಾಜ್ಯಗಳೂ ತಮ್ಮ ತಮ್ಮ ಕಾನೂನಿನಂತೆ ಅದೇ ಆರು ಮಂದಿ ವಿಚಾರಕರನ್ನು ನೇಮಿಸಿದುವು. ನ್ಯಾಯಮೂರ್ತಿ ಪೀಟರ್ ಮೆಕ್ಲೆಲನ್ನರ ಅಧ್ಯಕ್ಷತೆಯ ಆ ಒಂದು ಮಂಡಲಿಯು ಹೀಗೆ ಏಳು ಸನ್ನದುಗಳ ಬಲದಿಂದ ನಡೆಯಿತು.

ಎರಡನೆಯ ಎಲ್ಲೆಯು ನ್ಯಾಯಾಂಗಕ್ಕೆ ಸಂಬಂಧಿಸಿದುದು. ಅಪರಾಧಿಯೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ; ವಿಚಾರಣಾ ಮಂಡಲಿಗೆ ಆ ಅಧಿಕಾರವಿಲ್ಲ. 8,000ಕ್ಕೂ ಮಿಕ್ಕ ಜನರ ಅಳಲನ್ನು ಏಕಾಂತದಲ್ಲಿ ಕೇಳಿದ ಮಂಡಲಿಯು 2,500ಕ್ಕೂ ಹೆಚ್ಚು ಪ್ರಕರಣಗಳನ್ನು ಪೋಲೀಸರೇ ಮೊದಲಾದ ಅಧಿಕಾರಿಗಳಿಗೆ ಒಪ್ಪಿಸಿತು. 2017ರ ಡಿಸೆಂಬರ್ 15ರಂದು 17 ಸಂಪುಟಗಳ ಅಂತಿಮ ವರದಿಯು ಬಂದಿತು. ಮೊದಲಿನ ವರದಿಗಳವೂ ಸೇರಿ ಶಿಫಾರಸುಗಳು 409. ಅವು ಸಲಹೆಗಳೇ ಹೊರತು ಆಜ್ಞೆಗಳಲ್ಲ. 2018ರ ಜುಲೈ 1ರಿಂದ ಜಾರಿಗೆ ಬಂದ ಪರಿಹಾರ ಯೋಜನೆಗೂ ರಾಜ್ಯಗಳು ರಾಜ್ಯಾಂಗದ 51ನೆಯ ವಿಧಿಯಂತೆ ತಮ್ಮ ಅಧಿಕಾರವನ್ನು ಕೇಂದ್ರಕ್ಕೆ ಒಪ್ಪಿಸಬೇಕಾಯಿತು.

ಇದರಿಂದ, ರಾಜ್ಯಾಂಗದ ಎಲ್ಲೆಯು ಸತ್ಯಶೋಧನೆಯನ್ನು ತಡೆಯಲಿಲ್ಲ, ಅದನ್ನು ಸಮ್ಮತಿಗೆ ಅಧೀನವಾಗಿಸಿತು ಎಂದು ತಿಳಿದುಬರುತ್ತದೆ. ಒಂದು ರಾಜ್ಯವು ಸನ್ನದು ಕೊಡದೆ ಹೋಗಿದ್ದರೂ ಅಲ್ಲಿ ನೊಂದವರ ಮಟ್ಟಿಗೆ ಈ ವಿಚಾರಣೆಯು ಬಲಗುಂದುತ್ತಿತ್ತು.