ಹಳೆಯ ಮಾದರಿಯ ವೀರ ಬೊಂಬೆಗಳು: ಸಂಗ್ರಾಹಕರ ಬೆಲೆ, ವರ್ತಕರ ಲೆಕ್ಕ

1984ರಲ್ಲಿ ಅಮೆರಿಕದ ಕೆನ್ನರ್ ಸಂಸ್ಥೆ ಹೊರತಂದ ‘ಸೂಪರ್ ಪವರ್ಸ್’ ಬೊಂಬೆಗಳಲ್ಲಿ ಕಾಲುಗಳನ್ನು ಒತ್ತಿದರೆ ಸೂಪರ್‌ಮ್ಯಾನ್ ಮುಷ್ಟಿ ಬೀಸುತ್ತಿದ್ದನು. 2022ರಲ್ಲಿ ಮೆಕ್‌ಫಾರ್ಲೇನ್ ಸಂಸ್ಥೆಯು ಅದೇ ಬಗೆಯ ಅಳತೆ, ಅದೇ ಬಗೆಯ ರಟ್ಟಿನ ಹೊದಿಕೆಯಲ್ಲಿ ಈ ಸಾಲನ್ನು ಪುನಃ ಆರಂಭಿಸಿತು. ಬಣ್ಣ, ರೂಪ ಮೆಚ್ಚತಕ್ಕವು. ಒತ್ತಿದರೆ ಆಡುವ ಕೀಲು ಮಾತ್ರ ಇಲ್ಲ. ಮೂಲ ಬೊಂಬೆಯ ಜೀವಾಳವೇ ಅದಾಗಿತ್ತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಆಟಿಕೆ ವರ್ತಕರು ಇಂಥ ಸರಕನ್ನು ತರಿಸುವ ಮುನ್ನ ಕಾನೂನನ್ನು ಗಮನಿಸುವುದು ಅವಶ್ಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ‘ಸಂಗ್ರಹಕ್ಕೆ ಮಾತ್ರ’ ಎಂಬ ಚೀಟಿ ಅಂಟಿಸಿ ಶಾಲಾಮಕ್ಕಳಿಗೆ ಮಾರಿದರೆ ಆ ಚೀಟಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಆಮದು ಸುಂಕ 2023ರಲ್ಲಿ ಶೇ. 70ಕ್ಕೇರಿತು, ವಿದ್ಯುನ್ಮಾನವಲ್ಲದ ಆಟಿಕೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕಿಳಿಯಿತು.

ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಏರಿತೆಂದು ವರ್ಷಾಂತ್ಯದ ದಾಸ್ತಾನನ್ನು ಏರಿಸಿ ಬರೆಯಲಾಗದು. ಕೊಂಡ ಬೆಲೆ, ಮಾರಿದರೆ ಕೈಸೇರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನೇ ಹಿಡಿಯಬೇಕು. ಮಡಿಚಿದ ರಟ್ಟು, ಹಳದಿಗಟ್ಟಿದ ಪ್ಲಾಸ್ಟಿಕ್ ಈ ಮೊತ್ತವನ್ನು ತಗ್ಗಿಸುತ್ತವೆ. ದುರ್ಗದ ಬಿಸಿಲಿಗೆ ಗಾಜಿನ ಕಪಾಟು ಬೀದಿಯ ಕಡೆ ಮುಖ ಮಾಡದಿರುವುದೇ ಲೇಸು. ಮೊದಲ ಖರೀದಿ ಒಂದು ಡಜನ್ ಮೀರದಿರಲಿ, ಅದೂ ಸಾಲದ ಹಣದಲ್ಲಿ ಬೇಡ.